ಬಿಲ್ಲಿನ ಮೇಲೊಂದು ಹೆಬ್ಬೆಟ್ಟು

ಬಿಲ್ಲಿನ ಹಿಡಿಯ ಪಕ್ಕದಲ್ಲಿ, ಹೊಳೆಯುವ ಮೆರುಗಿನ ನಟ್ಟನಡುವೆ, ಯಾರದೋ ಹೆಬ್ಬೆಟ್ಟು ಅಚ್ಚೊತ್ತಿ ಕೂತಿತ್ತು. ರಜೆಯ ದಿನ ಬೆಳಿಗ್ಗೆ, ಹಲ್ಲುಜ್ಜುವ ಮೊದಲೇ ಅದನ್ನು ಕಂಡ ಕನ್ನಡಕದಂಗಡಿಯವನು ಭೂತಗನ್ನಡಿ ತರಲು ಓಡಿದ. ಊರವರ ಕನ್ನಡಕದ ಮೇಲಿನ ಬೆರಳಚ್ಚು ಒರೆಸುವುದರಲ್ಲೇ ಅರ್ಧ ಆಯುಷ್ಯ ಸವೆಸಿದವನು ಅವನು. ತನ್ನ ಬಿಲ್ಲಿನ ಮೇಲೇ ಬೆರಳಚ್ಚೆಂದರೆ ಹೇಗೆ ಸಹಿಸಿಯಾನು?

ಅವನ ಮಾವ ಬಿಲ್ಲುಗಾರಿಕೆ ಕಲಿಸಿ ನಿವೃತ್ತರಾದವರು. ಅವರ ಮನೆಯ ಗೋಡೆಯಲ್ಲಿ ನಾಲ್ಕು ಮೊಳೆಗಳಿದ್ದವು. ಸ್ವಂತ ಕೈಯಲ್ಲಿ ಬಿಲ್ಲು ಮಾಡಿದವರಿಗೆ ಮಾತ್ರ ಅಲ್ಲಿ ಜಾಗ. ಇಬ್ಬರು ಭಾವಮೈದುನರದು, ಷಡ್ಡಕನದು ಆಗಲೇ ತೂಗುತ್ತಿದ್ದವು. ನಾಲ್ಕನೆಯ ಮೊಳೆ ಇವನ ಮದುವೆಯಾದಂದಿನಿಂದ ಖಾಲಿಯಿದ್ದು, ಊಟಕ್ಕೆ ಹೋದಾಗಲೆಲ್ಲ ಇವನನ್ನೇ ದುರುಗುಟ್ಟಿ ನೋಡುತ್ತಿತ್ತು. ಗಾಜು ಒರೆಸುವ ಕೈಗೆ ಮರ ಎಲ್ಲಿ ಒಗ್ಗೀತು ಎಂದು ಮಾವ ಒಮ್ಮೆ ನಕ್ಕದ್ದು ಅವನಿಗೆ ಚೆನ್ನಾಗಿಯೇ ಚುಚ್ಚಿತ್ತು.

ನೆರೆಯವರ ಬಾಯಿಗೆ ಬೀಳಬಾರದೆಂದು ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ತಿಂಗಳುಗಟ್ಟಲೆ ಮರ ಕೆತ್ತಿದ, ಬಗ್ಗಿಸಿದ. ಹೋದ ವಾರ ಸ್ಪ್ರೇ ಡಬ್ಬಿಯಿಂದ ಮೆರುಗಿನ ಕೊನೆಯ ಪದರ ಹೊಡೆದು ಒಣಗಲು ಬಿಟ್ಟಿದ್ದ. ಗೋಡೆಯ ಮೇಲಿನ ಬಿಲ್ಲುಗಳಲ್ಲಿ ಒಂದಕ್ಕೆ ಮೆರುಗು ಸೋರಿ ಹನಿಗಟ್ಟಿತ್ತು, ಒಂದರ ಹಿಡಿ ಸೊಟ್ಟ, ಇನ್ನೊಂದರಲ್ಲಿ ಉಳಿ ಜಾರಿದ ಗಾಯ. ತನ್ನದರಲ್ಲಿ ಕೂದಲೆಳೆಯಷ್ಟೂ ಊನವಿರಬಾರದೆಂಬುದು ಇವನ ಹಟ. ಬಿಲ್ಲು ನೋಡಲು ಮಾವ ಅಂದೇ ಸಂಜೆ ಬರುವವರಿದ್ದರು.

ತಾನು ಆ ಕೋಣೆಗೆ ಕಾಲೇ ಇಟ್ಟಿಲ್ಲವೆಂದಳು ಹೆಂಡತಿ. ಅನುಮಾನ ನೆರೆಯವರ ಮೇಲೆ ಹೋಯಿತು. ಮೇಲಿನ ಮನೆಯ ಟೈಲರ್ ಅಕ್ಕನನ್ನೂ, ಕಾರುಗಳಿಗೆ ಬಣ್ಣ ಹೊಡೆಯುವ ಎದುರುಮನೆ ಪೇಂಟರನನ್ನೂ ಕರೆಸಿ, ಗಾಜಿನ ಮೇಲೆ ಹೆಬ್ಬೆಟ್ಟು ಒತ್ತಿಸಿ, ಭೂತಗನ್ನಡಿ ಹಿಡಿದು ಪರೀಕ್ಷಿಸಿದ. ಯಾರದೂ ಹೊಂದಲಿಲ್ಲ.

"ನಿಮ್ಮದೂ ಒತ್ತಿ, ಎಲ್ಲರಿಗೂ ಒಂದೇ ನ್ಯಾಯ" ಎಂದಳು ಅಕ್ಕ.

ಒತ್ತಿದ. ಗಾಜು ಕೊಯ್ದು ಅವನ ಹೆಬ್ಬೆರಳಲ್ಲಿ ಉಳಿದಿದ್ದ ಅಡ್ಡಗೆರೆ ಬಿಲ್ಲಿನ ಮೇಲೂ ಚಾಚೂ ತಪ್ಪದೆ ಮೂಡಿತ್ತು. ಒಣಗಿತೇ ಎಂದು ಹೋದ ವಾರ ತಾನೇ ಮುಟ್ಟಿ ನೋಡಿದ್ದು ಆಗ ನೆನಪಾಯಿತು. ಬಂದವರಿಬ್ಬರೂ ಇನ್ನು ಮನೆಗೆ ಹೋಗುವಂತೆ ಕಾಣಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು.

ನಯವಾದ ಉಪ್ಪುಕಾಗದವನ್ನು ಸೋಪಿನ ನೀರಲ್ಲಿ ಅದ್ದಿ ಅವನು ಗುರುತಿದ್ದ ಜಾಗವನ್ನು ತಿಕ್ಕಿದ. ಗುರುತು ಹೋಯಿತು, ಜೊತೆಗೆ ಹೊಳಪೂ ಹೋಯಿತು.

"ಅಣ್ಣಾ, ತಿಕ್ಕೋದಾದ್ರೆ ಪೂರ್ತಿ ತಿಕ್ಕಬೇಕು. ಅಂಚಲ್ಲಿ ಮಾತ್ರ ಹುಷಾರು, ಮೆರುಗು ಸವೆದು ಮರ ಬಂದುಬಿಡುತ್ತೆ" ಎಂದ ಪೇಂಟರ್.

ಪೂರ್ತಿ ತಿಕ್ಕಿದ. ಮಧ್ಯಾಹ್ನದ ಹೊತ್ತಿಗೆ ಬಿಲ್ಲು ಬೂದಿಯಲ್ಲಿ ಹೊರಳಾಡಿ ಬಂದ ಬೆಕ್ಕಿನಂತಾಗಿತ್ತು. ಹೆಂಡತಿ ತಟ್ಟೆಯಿಟ್ಟು ಹೋದ ಊಟ ಆರಿ ತಣ್ಣಗಾಯಿತು. ಹೊಳಪಿಗೆಂದು ಪಾಲಿಶ್ ಹಚ್ಚಿದಾಗ ಅಕ್ಕ ಮೆತ್ತನೆಯ ಬಟ್ಟೆ ತಂದುಕೊಟ್ಟಳು. ಅದರಲ್ಲಿ ಮರೆತಿದ್ದ ಗುಂಡುಪಿನ್ನು ಬಿಲ್ಲಿನ ಉದ್ದಕ್ಕೂ ಗೆರೆ ಎಳೆಯಿತು. ಅವನು ಹಲ್ಲು ಕಚ್ಚಿ ಮತ್ತೆ ಉಪ್ಪುಕಾಗದ ಹಿಡಿದ. ದುಂಡಗೆ ತಿಕ್ಕಬೇಕೋ ಉದ್ದಕ್ಕೆ ತಿಕ್ಕಬೇಕೋ ಎಂದು ಅಕ್ಕನಿಗೂ ಪೇಂಟರನಿಗೂ ಜಗಳ ಹತ್ತಿಕೊಂಡಿತು. ಅವನು ಎರಡೂ ರೀತಿಯಲ್ಲಿ ತಿಕ್ಕಿದ. ರಟ್ಟೆ ಬಿದ್ದುಹೋದರೂ ಬಿಡಲಿಲ್ಲ.

ಸಂಜೆಗೆ ಬಿಲ್ಲು ಹೇಗಿತ್ತೆಂದರೆ, ಅಕ್ಕ ಅದರಲ್ಲಿ ನೋಡಿಕೊಂಡು ತಲೆ ಸರಿಮಾಡಿಕೊಂಡಳು. ಅವನು ಆಗ ಆರಿದ ಊಟದ ತಟ್ಟೆಯನ್ನು ಸಂತೋಷದಿಂದ ಎಳೆದುಕೊಂಡ.

ಮಾವ ಬಂದರು. ಬಿಲ್ಲನ್ನು ಎತ್ತಿದರು, ತಿರುಗಿಸಿದರು, ಬೆಳಕಿಗೆ ಹಿಡಿದರು. ಮುಖ ಅರಳಿತು.

"ತುಂಬಾ ಚೆನ್ನಾಗಿದೆ ಅಳಿಯಂದಿರೇ. ಯಾವ ಅಂಗಡೀಲಿ ತಗೊಂಡ್ರಿ?"

ನಾನೇ ಮಾಡಿದ್ದು ಎಂದು ಅವನು ತೊದಲಿದ. ಹೌದಪ್ಪಾ ಎಂದಳು ಹೆಂಡತಿ. ನಿನ್ನಮ್ಮನೂ ನನ್ನ ವಿಷಯದಲ್ಲಿ ಹೀಗೇ ಸಾಕ್ಷಿ ಹೇಳುತ್ತಿದ್ದಳು ಎಂದು ಮಾವ ನಕ್ಕರು.

"ಕೈಯಲ್ಲಿ ಮಾಡಿದ್ದಾದ್ರೆ ಕೈ ಎಲ್ಲಾದರೂ ಒಂದು ಕಡೆ ಕಾಣಬೇಕಲ್ಲ?"

ಅವನು ನೆರೆಯವರತ್ತ ತಿರುಗಿದ. ಬೆಳಗಿನಿಂದ ತಿಕ್ಕುವುದನ್ನು ಕಂಡಿದ್ದೇವೆ, ಮಾಡಿದ್ದನ್ನು ಕಂಡಿಲ್ಲ ಎಂದಳು ಅಕ್ಕ. ಪೇಂಟರನಿಗೆ ಮಾತ್ರ ಪಾಪವೆನಿಸಿತು.

"ಇವರ ಹೆಬ್ಬೆಟ್ಟು ಇತ್ತು ಸಾರ್, ಮೆರುಗಿನ ಒಳಗೇ ಇತ್ತು. ನಾನೇ ನೋಡಿದೀನಿ."

"ಎಲ್ಲಿ?" ಎಂದು ಮಾವ ಆಸೆಯಿಂದ ಬಗ್ಗಿದರು.

"ಅಳಿಸಿಬಿಟ್ರು."

ಕೊನೆಯ ಪ್ರಯತ್ನವೆಂಬಂತೆ ಅವನು ಹಿಡಿಯ ಪಕ್ಕದಲ್ಲಿ ಹೆಬ್ಬೆರಳನ್ನು ಬಲವಾಗಿ ಒತ್ತಿದ. ಕಲ್ಲಿನಂತೆ ಗಟ್ಟಿಯಾಗಿದ್ದ ಮೆರುಗಿನ ಮೇಲೆ ಬರೀ ಬೆವರಿನ ಗುರುತು ಬಿತ್ತು. ಮಾವ ಕನ್ನಡಕ ಏರಿಸಿಕೊಳ್ಳುವಷ್ಟರಲ್ಲಿ, ಅಂಗಡಿಯ ಅಭ್ಯಾಸಬಲದಿಂದ, ಹಾ ಎಂದು ಉಸಿರು ಬಿಟ್ಟು ಅದನ್ನೂ ತಾನೇ ಒರೆಸಿಬಿಟ್ಟ.

ಮಾವ ಅವನ ಬೆನ್ನು ತಟ್ಟಿದರು. "ಬೇಜಾರು ಮಾಡ್ಕೋಬೇಡಿ. ತಿಕ್ಕೋದ್ರಲ್ಲಿ ನಿಮ್ಮಂಥ ಕೈ ಇನ್ನೊಂದಿಲ್ಲ. ಗೋಡೆ ಮೇಲಿರೋ ಆ ಮೂರನ್ನೂ ನಾಳೆ ಕಳಿಸ್ತೀನಿ, ಹೀಗೇ ಹೊಳಪು ಕೊಟ್ಟುಬಿಡಿ. ಆದ್ರೆ ಆ ಹನಿ, ಆ ಗಾಯ ಮಾತ್ರ ಮುಟ್ಟಬೇಡಿ. ಮಕ್ಕಳು ಕೈಯಾರೆ ಮಾಡಿದ್ದು."