ಭಾಗಾಕಾರದ ಹಲ್ಲಿ

ಹಾಸನದ ಪಶುಪತಿ ತಾನು ಕಟ್ಟಿದ ಪೆಟ್ಟಿಗೆಯನ್ನು ನಡುಮನೆಯ ಗೋಡೆಗೆ ತೂಗುಹಾಕಿ, ತಾಯಿಯನ್ನೂ ಹೆಂಡತಿಯನ್ನೂ ಎದುರಿಗೆ ಕೂರಿಸಿಕೊಂಡ.

“ಇಲಿಗಳು ನಮ್ಮ ಕಿವಿಗೆ ನಿಲುಕದಷ್ಟು ಕೀರಲಾಗಿ ಮಾತಾಡ್ಕೊಳ್ತವೆ. ಹಳೇ ಟೀವಿಯಿಂದ ಕಿತ್ತ ಈ ಚಿಪ್ಪು ಕಂಪನಗಳನ್ನ ಭಾಗಿಸತ್ತೆ. ಹದಿನಾರು ಒಳಗೆ ಹೋದ್ರೆ ಒಂದೇ ಹೊರಗೆ. ದನಿ ಇಳಿದು ನಮಗೂ ಕೇಳತ್ತೆ. ಕೋಟಿಗಟ್ಟಲೆ ಕಂಪನ ಅರಗಿಸ್ಕೊಂಡಿರೋ ಚಿಪ್ಪಿಗೆ ಇಲಿ ಯಾವ ಲೆಕ್ಕ?”

“ಹಂಗಾದ್ರೆ ಅತ್ತೆ ಮುಂದೆ ಹಿಡೀರಿ. ಹದಿನಾರು ಬೈಗುಳಕ್ಕೆ ಒಂದೇ ಕೇಳ್ಲಿ,” ಎಂದು ಹೆಂಡತಿ ಜಲಜಾಕ್ಷಿ ಅವನ ಕಿವಿಯಲ್ಲಿ ಗೊಣಗಿದಳು.

ಅವಳಿಗೂ ನಗುವ ಹೊತ್ತೇನಲ್ಲ ಅದು. ಮಹಡಿಯ ಕೋಣೆಯನ್ನು ಬಾಡಿಗೆಗೆ ಕೊಡುವುದೆಂದು ಅತ್ತೆ ತುಂಗಮ್ಮ ಹಟ ಹಿಡಿದಿದ್ದರು. ಕೊಟ್ಟರೆ ಅಲ್ಲಿರುವ ಗಂಡನ ತಂತಿ, ತಗಡು, ಸತ್ತ ರೇಡಿಯೊಗಳೆಲ್ಲ ಮೆರವಣಿಗೆ ಹೊರಟು ಬರುವುದು ಅವಳ ಅಡುಗೆಮನೆಗೇ. ಯಂತ್ರ ಗೆದ್ದರೆ ಕೋಣೆ ಉಳಿದೀತು.

ಇಲಿಗಳು ಉಸಿರೆತ್ತಲಿಲ್ಲ.

“ಇವನ ಮಿಷನ್ನು ದಂಡ,” ಎಂದರು ತುಂಗಮ್ಮ. ಜಲಜಾಕ್ಷಿ ಬೇಸರದಿಂದ ಎದ್ದಳು. ಸೊಂಟದ ಬೀಗದಕೈ ಗೊಂಚಲು ಝಣ್ ಎಂದಿತು.

ಲೊಚ್ ಲೊಚ್!

“ನೋಡಿದ್ಯಾ, ಹಲ್ಲಿ ನುಡೀತು. ಸತ್ಯ, ಸತ್ಯ,” ಎಂದು ತುಂಗಮ್ಮ ನೆಲ ಕುಟ್ಟಿದರು.

“ಹಲ್ಲಿ ಅಲ್ಲ ಕಣಮ್ಮ, ನನ್ನ ಪೆಟ್ಟಿಗೆ.”

ಮನೆಯೆಲ್ಲ ನಿಶ್ಶಬ್ದ.

“ಈ ಮಾತಿಗೆ ಮಾತ್ರ ನುಡೀಲಿಲ್ಲ ನೋಡು. ಸುಳ್ಳ.”

ಜಲಜಾಕ್ಷಿ ಸೆರಗಿನ ಮರೆಯಲ್ಲಿ ಗೊಂಚಲನ್ನು ಅಲುಗಿಸಿದಳು. ಲೊಚ್. ಬಿಟ್ಟಳು. ಮೌನ. ಬೀಗದಕೈಗಳ ಸದ್ದಿನೊಳಗೂ ಕಿವಿಗೆ ಸಿಗದ ಕೀರಲು ಅಡಗಿದೆ. ಪೆಟ್ಟಿಗೆ ಅದನ್ನು ಭಾಗಿಸಿ ಭಾಗಿಸಿ ಹಲ್ಲಿ ಮಾಡುತ್ತಿದೆ!

“ಅತ್ತೆ, ಮಹಡಿಗೆ ಬೇರೆಯವರು ಬಂದ್ರೆ ಮನೆಗೆ ಒಳ್ಳೇದಾಗಲ್ವೇನೋ.”

ಲೊಚ್ ಲೊಚ್.

ತುಂಗಮ್ಮನ ಮುಖ ಸಣ್ಣಗಾಯಿತು. ಗೋಡೆಗೇ ಕೈಮುಗಿದು ಕೇಳಿದರು: “ಕೋಣೆ ಇವನಿಗೇ ಇರಲಿ ಅಂತೀಯೇನಪ್ಪಾ?”

ಲೊಚ್ ಲೊಚ್ ಲೊಚ್.

“ಇಷ್ಟು ಒತ್ತಿ ಹೇಳಿದ ಮೇಲೆ ಮುಗೀತು. ಬಾಡಿಗೆಯವರಿಗೆ ಬರಬೇಡಿ ಅಂತೀನಿ.”

ಕತೆಗಳಲ್ಲಿ ವರ ಪಡೆದವರು ಹಿಂತಿರುಗಿ ನೋಡದೆ ನಡೆದುಬಿಡಬೇಕು. ಜಲಜಾಕ್ಷಿ ಸಂತೋಷಕ್ಕೆ ಎಲ್ಲರಿಗೂ ಕಾಫಿ ಮಾಡಿ, ತಟ್ಟೆ ಹಿಡಿದು ಮತ್ತೆ ಅದೇ ಪೆಟ್ಟಿಗೆಯ ಕೆಳಗೆ ಬಂದಳು.

ತುಂಗಮ್ಮ ಲೋಟ ಎತ್ತಿಕೊಂಡು, “ಬಾಡಿಗೆಯವರಿಲ್ದೆ ಮನೆ ಬಿಕೋ ಅನ್ನತ್ತೆ. ನಮ್ಮ ವನಜಂಗೆ ಐದು ಮಕ್ಕಳ ಸಮೇತ ಇಲ್ಲೇ ಬಂದಿರು ಅನ್ನಣ. ಮಹಡಿ ಅಂತೂ ಇಲ್ಲ, ಅಡುಗೆಮನೇಲಿ ಮಲಕ್ಕೊಳ್ತಾರೆ. ಏನಂತೀಯ?” ಎಂದರು.

ನಾದಿನಿಯ ಹೆಸರು ಕಿವಿಗೆ ಬಿದ್ದದ್ದೇ ಜಲಜಾಕ್ಷಿ ಅಡಿಯಿಂದ ಮುಡಿಯವರೆಗೆ ನಡುಗಿದಳು. ಗೊಂಚಲೂ ನಡುಗಿತು. ಪೆಟ್ಟಿಗೆ ಊರಿನ ಹಲ್ಲಿಗಳೆಲ್ಲ ಒಟ್ಟಿಗೆ ಸೇರಿದಂತೆ ಲೊಚಗುಟ್ಟಿತು.

“ಸತ್ಯ, ಸತ್ಯ,” ಎನ್ನುತ್ತ ತುಂಗಮ್ಮ ಮಗಳಿಗೆ ಫೋನು ಮಾಡಲು ಎದ್ದರು.

ತೊಲೆಯ ಮೇಲಿದ್ದ ನಿಜವಾದ ಹಲ್ಲಿ ಮಾತ್ರ ಮೊದಲಿಂದ ಎಲ್ಲವನ್ನೂ ನೋಡುತ್ತ ಬಾಯಿ ಬಿಡದೆ ಕೂತಿತ್ತು. ಅದಕ್ಕೆ ಸಂಸಾರ ಗೊತ್ತಿದ್ದಿರಬೇಕು.