ಬೆಂಗಳೂರಿಗೆ ಸಾಲದ ಬಿ.ಎ. ಮೇಷ್ಟ್ರು

ಬಿ.ಎ. ಓದಿದವನಿಗೆ ಕೆಲಸ ಸಿಗುವುದೇ ಒಂದು ಪಾಡು, ಸಿಕ್ಕ ಕೆಲಸ ಮನಸ್ಸಿಗೆ ಹಿಡಿಸುವುದು ಇನ್ನೊಂದು ಪಾಡು. ಈ ಎರಡನೆಯದರಲ್ಲಿ ನಗುವಂಥದ್ದು ಏನಾದರೊಂದು ನಡೆಯುತ್ತಲೇ ಇರುತ್ತದೆ. ನನಗಂತೂ ಮೊದಲ ದಿನವೇ ಶುರುವಾಯಿತು.

ಬಂದಿಳಿದ ದಿನ

ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸನ್ನು ಏರಿನಲ್ಲೆಲ್ಲ ತಳ್ಳಿಕೊಂಡು, ಮಸಿ ಮೆತ್ತಿದ ಕೋಟಿನಲ್ಲಿ ಸಾಸಲು ಕಡೆಯ ಒಂದು ಹಳ್ಳಿಗೆ ಮೇಷ್ಟ್ರಾಗಿ ಬಂದಿಳಿದೆ. ಮನಸ್ಸೆಲ್ಲ ಬೆಂಗಳೂರಿನ ಆಫೀಸುಗಳ ಮೇಲೆ. ಊರ ಪಟೇಲರು ಬೆಳ್ಳಿ ಲೋಟದಲ್ಲಿ ಮಜ್ಜಿಗೆ ಕೊಟ್ಟು, ಸುತ್ತ ಇದ್ದವರನ್ನು ಆಚೆ ಕಳಿಸಿ ಮೆತ್ತಗೆ ಕೇಳಿದರು:

"ಬಿ.ಎ. ಅಂತೀರಾ. ಅಷ್ಟು ಓದಿದೋರ್ನ ಈ ಕೊಂಪೆಗೆ ಹಾಕವ್ರೆ ಅಂದ್ರೆ... ಏನ್ ತಪ್ಪು ಮಾಡಿದ್ರಿ ಮೇಷ್ಟ್ರೇ?"

"ಏನೂ ಮಾಡಿಲ್ಲ. ಇದೇ ನನ್ನ ಮೊದಲ ಕೆಲಸ."

"ಹೇಳಾಕೆ ಇಷ್ಟ ಇಲ್ದಿದ್ರೆ ಬುಡಿ. ಹೊಡೆದಾಟ ಗಿಡೆದಾಟ ಆದ್ರೆ ಪರವಾಗಿಲ್ಲ, ನಮ್ಮೂರಾಗೂ ಐತೆ. ಕಳ್ತನ ಅಲ್ಲ ತಾನೆ?"

ಎರಡನೇ ಸಲದ ಮಜ್ಜಿಗೆ ಮಣ್ಣಿನ ಕುಡಿಕೆಯಲ್ಲಿ ಬಂತು.

ಫ್ಯಾನಿನ ಕೆಳಗಿನ ಗೆಳೆಯ

ಜೊತೆಯಲ್ಲಿ ಓದಿದವನೊಬ್ಬನಿಗೆ ಬೆಂಗಳೂರಿನ ಕಚೇರಿಯಲ್ಲಿ ಕೆಲಸ ಸಿಕ್ಕಿತ್ತು. ಅವರೆಕಾಯಿ ಕಾಲದಲ್ಲಿ ನನ್ನನ್ನು ನೋಡಲು ಬಂದವನು ಮೀಸೆ ತಿರುವಿದ.

"ತಲೆ ಮೇಲೆ ಫ್ಯಾನು ಕಣೋ! ತಿರುಗೋ ಕುರ್ಚಿ!"

ನನಗೆ ಹೊಟ್ಟೆ ಉರಿಯಿತು. "ಕೆಲಸ ಏನೋ?"

"ಸಾಹೇಬ್ರು ಸಹಿ ಹಾಕ್ತಾರಲ್ಲ, ಅದರ ಮೇಲೆ ಬ್ಲಾಟಿಂಗ್ ಕಾಗದ ಒತ್ತೋದು."

"ಅವರು ರಜಾ ಹಾಕಿದ್ರೆ?"

ಅವನ ಮುಖ ಸಪ್ಪಗಾಯಿತು. "ಆವತ್ತು ಓದಿದ್ದೆಲ್ಲ ವ್ಯರ್ಥ ಅನ್ನಿಸ್ಬಿಡುತ್ತೆ ಕಣೋ."

ಇನ್ಸ್‌ಪೆಕ್ಟರ್ ಬಂದ ದಿನ

ಅವನು ಹೋದ ಮೇಲೆ ನಮ್ಮ ಸೋರುವ ಶಾಲೆ ನನಗೆ ಚೆಂದ ಕಾಣತೊಡಗಿತು. ಲೆಕ್ಕ ತಿಳಿದ ಕೂಡಲೇ ಮಕ್ಕಳ ಮುಖ ಅರಳುತ್ತಿತ್ತಲ್ಲ, ಅದು ಯಾವ ಫ್ಯಾನಿನ ಕೆಳಗೆ ಸಿಕ್ಕೀತು? ಈ ಊರು ಬಿಡಬಾರದು ಎಂದುಕೊಂಡೆ. ಅಷ್ಟರಲ್ಲಿ ಶಾಲಾ ಇನ್ಸ್‌ಪೆಕ್ಟರು ಬಂದರು.

ಆಗ ನನಗೆ ಗೊತ್ತಿಲ್ಲದ ಒಂದು ಸಂಗತಿಯಿತ್ತು. ನನಗಿಂತ ಮುಂಚೆ ಇದ್ದ ಮೇಷ್ಟ್ರನ್ನು ಊರವರು ಇದೇ ಇನ್ಸ್‌ಪೆಕ್ಟರ ಮುಂದೆ ಬಾಯ್ತುಂಬ ಹೊಗಳಿದ್ದರಂತೆ. ಇಂಥವರು ಇಲ್ಲೇಕೆ ಅಂತ ಇವರು ಬಡ್ತಿ ಕೊಟ್ಟು ದೊಡ್ಡಬಳ್ಳಾಪುರಕ್ಕೆ ಕರೆದುಕೊಂಡು ಹೋದರು. ಶಾಲೆಗೆ ಬೀಗ ಬಿತ್ತು. ಊರಿಗೆ ಬುದ್ಧಿ ಬಂತು.

"ಹೊಸ ಮೇಷ್ಟ್ರು ಹೇಗೆ?" ಎಂದರು ಇನ್ಸ್‌ಪೆಕ್ಟರು.

ಪಟೇಲರು ನಿಟ್ಟುಸಿರು ಬಿಟ್ಟರು. "ದಂಡ, ಬುದ್ಧಿ. ಪ್ರಯೋಜ್ನ ಇಲ್ಲ."

"ಹೌದು ಹುಜೂರ್, ಪೂರಾ ಬೇಕಾರ್," ಎಂದು ಅಂಗಡಿ ಸಾಬರು ದನಿಗೂಡಿಸಿದರು. ಹಿಂದಿನ ದಿನ ತಾನೆ ಇದೇ ಸಾಬರು ಮಗಳು ಪಾಠ ಓದಿದ್ದನ್ನು ಕೇಳಿ ಹಿಗ್ಗಿ ಕಣ್ಣೊರೆಸಿಕೊಂಡಿದ್ದರು!

ಇನ್ಸ್‌ಪೆಕ್ಟರು ಕೆರಳಿದರು. "ಹಾಗಾದ್ರೆ ನಾಳೇನೇ ಇವರನ್ನ ಎತ್ತಂಗಡಿ ಮಾಡ್ತೀನಿ!"

ಪಟೇಲರು ಬೆವೆತುಹೋದರು. "ಅಯ್ಯಯ್ಯೋ ಬ್ಯಾಡಿ! ಸುಳ್ಳು ಹೇಳ್ಬುಟ್ವಿ. ಚಿನ್ನದಂಥ ಮೇಷ್ಟ್ರು ಬುದ್ಧಿ! ನಮ್ಮ ಹೈಕ್ಳು ಈಗ ಶಾಲೆಗೆ ಓಡೋಡಿ ಬತ್ತವೆ."

"ಅಷ್ಟು ಒಳ್ಳೆಯವರಾ? ಹಾಗಾದ್ರೆ ಬೆಂಗಳೂರಿನ ಹೈಸ್ಕೂಲಿಗೇ ಹಾಕ್ತೀನಿ."

ಪಟೇಲರು ರುಮಾಲು ತೆಗೆದು ತಲೆ ಕೆರೆದುಕೊಂಡರು. ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು.

"ಅಷ್ಟೊಂದೇನ್ ಒಳ್ಳೆಯವರಲ್ಲ ಬುದ್ಧಿ. ನಮ್ಗೆ ಸಾಕಾಗೋ ಅಷ್ಟು."

"ಏನ್ರೀ, ನೀವೇನಂತೀರಿ?" ಎಂದು ಇನ್ಸ್‌ಪೆಕ್ಟರು ನನ್ನ ಕಡೆ ತಿರುಗಿದರು.

"ಪಟೇಲರು ಹೇಳಿದ್ದೇ ಸರಿ ಸಾರ್. ಬೆಂಗಳೂರಿಗೆ ನಾನು ಸಾಲೋದಿಲ್ಲ."

ಅವರು ಹೊಟ್ಟೆ ಹಿಡಿದು ನಕ್ಕು, ನನ್ನನ್ನು ಅಲ್ಲೇ ಬಿಟ್ಟು ಗಾಡಿ ಹತ್ತಿದರು. ಹೋದ ಜೀವ ಬಂದಂತಾಯಿತು. ಗಾಡಿ ಮರೆಯಾದ ಮೇಲೆ ಪಟೇಲರು ನನ್ನ ಕೈ ಹಿಡಿದುಕೊಂಡರು.

"ಬೇಜಾರ್ ಮಾಡ್ಕಬ್ಯಾಡಿ ಮೇಷ್ಟ್ರೇ. ನೀವು ಪಿಂಚಣಿ ತಗೊಳ್ಳೋ ವರ್ಸ ಎಲ್ಲಾ ಸೇರ್ಕೊಂಡು ಹೊಗಳ್ತೀವಿ."