ವಾರಗಿತ್ತಿಗೆ ತಂದ ಸಮುದ್ರ

ಊರು ಬಿಟ್ಟು ಹೊರಗೆ ಕಾಲಿಟ್ಟರೆ ನನಗೆ ಒಂದಲ್ಲ ಒಂದು ಆಗೇ ಆಗ್ತೈತೆ. ಹೊಸದುರ್ಗದ ಸಂತೆಗೆ ಹೋದರೂ ಆಗ್ತೈತೆ, ದುರ್ಗದ ಆಸ್ಪತ್ರೆಗೆ ಹೋದರೂ ಆಗ್ತೈತೆ. ಆದರೆ ಕಂಬಳಿ ಗಂಟು ಹೊತ್ತು ಬೊಂಬಾಯಿಗೆ ಹೋದಾಗ ಎಂಟು ದಿನದಾಗೆ ಎಂಟು ವರ್ಷದ್ದು ಆಗಿಹೋಯ್ತು. ಹೇಳಿದರೆ ನಮ್ಮ ಓಣಿಯವರು ನಗ್ತಾರೆ. ನಾನೂ ನಗ್ತೀನಿ. ನಕ್ಕ ಮೇಲೆ ಒಳಗೆ ಏನೋ ಚುಚ್ಚತೈತೆ.

೧. ಖಾಲಿ ಬಾಟ್ಲಿ

ನಮ್ಮದು ಹೊಳಲ್ಕೆರೆ ಕಡೆ ಹಳ್ಳಿ, ಕುರಿ ಸಾಕಿ ಕಂಬಳಿ ಮಾಡೋ ಮನೆ. ನೂಲು ನನ್ನ ವಾರಗಿತ್ತಿಯದು, ಅಂದರೆ ಮೈದುನನ ಹೆಂಡ್ತಿಯದು. ಹುಣಸೆ ಬೀಜ ಕುದಿಸಿ ಗಂಜಿ ಹಚ್ಚೋದು ನನ್ನದು. ನಲವತ್ತು ವರ್ಷ ಕಾಲು ಮಡಚಿ ಕುಂತು ನೂತು ನೂತು ಅವಳ ಮೊಣಕಾಲು ಸೌದೆ ಆಗಿದ್ದವು. ಅಂಗಳ ದಾಟೋದೇ ಅವಳಿಗೆ ಕಾಶಿಯಾತ್ರೆ.

ಬೊಂಬಾಯಾಗೆ ದೊಡ್ಡ ಮೇಳ ಐತೆ, ಕಂಬಳಿ ಮಾರೋಕೆ ಒಬ್ಬರು ಬರ್ರಿ ಅಂತ ಸಂಘದ ಮೇಡಂ ಹೇಳಿದಾಗ ಮನೆಯಾಗೆ ಕಾಲು ಗಟ್ಟಿ ಇದ್ದವಳು ನಾನೊಬ್ಬಳೇ. ಹೊರಡೋ ದಿನ ವಾರಗಿತ್ತಿ ಒಂದು ಖಾಲಿ ಬಾಟ್ಲಿ ತಂದು ನನ್ನ ಕೈಗಿಟ್ಟಳು.

"ಅಕ್ಕ, ಸಮುದ್ರ ನೋಡ್ಕಂಡು ಬಾ. ಬರೋವಾಗ ಇದ್ರಾಗೆ ನೀರು ತಾ. ಕಾಲಿಗೆ ಹಾಕ್ಕಂಡ್ರೆ ನೋವು ಇಳಿತೈತಂತೆ."

"ನೀರು ತರ್ತೀನಿ. ಸಮುದ್ರ ಬೇಕಾದ್ರೆ ಹುಡುಗ್ರು ಫೋನಾಗೆ ತೋರಿಸ್ತಾರಲ್ಲೇ."

"ನೋಡಿದೀನಿ. ಅಂಗೈ ಅಗಲ ಐತೆ. ಅದಕ್ಕೇ ನೀನು ನೋಡ್ಕಂಡು ಬಂದು ಹೇಳು ಅಂದಿದ್ದು."

ಅವಳು ತೀರಿಹೋಗಿ ಈಗ ಎರಡು ಮಳೆಗಾಲ ಕಳೆದವು. ಇಷ್ಟು ವರ್ಷದಾಗೆ ಅವಳು ನನ್ನನ್ನ ಬಾಯಿಬಿಟ್ಟು ಕೇಳಿದ್ದು ಅದೊಂದೇ ಕಣ್ರಪ್ಪ. ಸೀರೆ ಕೇಳಲಿಲ್ಲ, ಬಳೆ ಕೇಳಲಿಲ್ಲ. ಕೇಳಿದ್ದು ನೋಡಿದರೆ ಸಮುದ್ರ.

೨. ಕಂಬಳಿ ದೇವರು

ಚಿಕ್ಕಜಾಜೂರಾಗೆ ರೈಲು ಹತ್ತಿದ್ವಿ. ಮೇಳದಾಗೆ ನಮಗೆ ಕೊಟ್ಟಿದ್ದು ಒಂದು ಮೂಲೆ ಅಂಗಡಿ, ಬೆನ್ನಿಗೆ ಎತ್ತರದ ಗೋಡೆ. ಗೋಡೆ ಆಚೆಯಿಂದ ಹಗಲೆಲ್ಲ ಭೋರ್ ಅಂತ ಸದ್ದು. ಬೊಂಬಾಯಿ ಅಂದ ಮೇಲೆ ಲಾರಿ ಜಾಸ್ತಿ ಇರ್ತಾವೆ ಅಂದ್ಕಂಡೆ.

ಗಿರಾಕಿಗೆ ಕಾಣ್ಲಿ ಅಂತ ಒಂದು ಕರಿ ಕಂಬಳಿ ಬಿಚ್ಚಿ ನೆಲಕ್ಕೆ ಹಾಸಿದೆ. ನಮ್ಮಲ್ಲಿ ಮದುವೆಗೆ, ದೇವರ ಕಾರ್ಯಕ್ಕೆ ಕರಿ ಕಂಬಳಿ ಹಾಸಿದರೆ ಅದೇ ಗದ್ದುಗೆ. ಅದರ ಹತ್ತಿರ ಯಾರೂ ಚಪ್ಪಲಿ ಕಾಲಾಗೆ ಬರೋ ಹಂಗಿಲ್ಲ. ಬಂದವರಿಗೆಲ್ಲ ಕೈಸನ್ನೆ ಮಾಡಿ ಚಪ್ಪಲಿ ಬಿಡಿಸಿದೆ. ಮಧ್ಯಾಹ್ನದ ಹೊತ್ತಿಗೆ ಅಂಗಡಿ ಮುಂದೆ ಚಪ್ಪಲಿ ಸಾಲು. ಆ ಸಾಲು ನೋಡಿ ಇನ್ನಷ್ಟು ಜನ ಬಂದರು. ಬಂದವರು ಕೈ ಮುಗಿಯೋರು, ಕಣ್ಣು ಮುಚ್ಚೋರು, ಹಿಂದಕ್ಕೆ ಹೆಜ್ಜೆ ಹಾಕ್ಕಂತ ಹೋಗೋರು. ಕಂಬಳಿ ಮಾತ್ರ ಯಾರೂ ಕೇಳಲಿಲ್ಲ.

ಸಂಜೆ ಮೇಡಂ ತಲೆ ಮೇಲೆ ಕೈ ಹೊತ್ತು ಕುಂತರು. "ಅಜ್ಜಿ, ಗಂಟು ಖಾಲಿ ಆಗಲಿ, ಆಮೇಲೆ ಸಮುದ್ರಕ್ಕೆ ಹೋಗಾಣ."

ಅಷ್ಟರಾಗೆ ಒಬ್ಬಳು ದಪ್ಪ ಹೆಂಗಸು ಬಂದು ಹಿಂದಿಯಾಗೆ ಏನೋ ಕೇಳಿದಳು.

"ಇದು ಯಾವ ದೇವರು ಅಂತ ಕೇಳ್ತಿದಾರೆ" ಅಂದರು ಮೇಡಂ.

"ಯಾವ ದೇವರೂ ಅಲ್ಲ, ಕಂಬಳಿ ಅನ್ರಿ" ಅಂದೆ.

ಮೇಡಂ ಹೇಳಿದರು. ಆ ಯಮ್ಮ ಮತ್ತೊಂದು ಸಲ ಕೈ ಮುಗಿದು, ಕಂಬಳಿ ದೇವರಿಗೆ ಅಂತ ಎರಡು ಬಾಳೆಹಣ್ಣು ಇಟ್ಟು ಹೋದಳು.

೩. ಕಂಬಳಿಯ ಮರಿ

ಮಾರನೆ ದಿನದಿಂದ ಕಂಬಳಿ ಹಗ್ಗದ ಮೇಲೆ ನೇತು ಹಾಕಿದ್ವಿ, ದೇವರು ಹೋಗಿ ಸರಕಾಯ್ತು. ಒಂದೊಂದೇ ಮಾರಿದವು. ನನಗೆ ಸಾಕುಸಾಕಾಗಿತ್ತು. ಉಳಿದಿದ್ದ ರೂಮು ಆರನೇ ಅಂತಸ್ತಾಗೆ. ಲಿಫ್ಟು ಕೊಟ್ಟಿಗೆಗಿಂತ ಚಿಕ್ಕದು, ಒಳಗೆ ನಿಂತರೆ ಉಸಿರು ಕಟ್ಟೋದು. ಮೆಟ್ಟಿಲು ಹತ್ತಿ ಇಳಿದು ಸೊಂಟ ನನ್ನದಾಗಿರಲಿಲ್ಲ.

ಐದನೇ ದಿನ, ಹಿಂದಿನ ದಿನ ಕಂಬಳಿ ತಗಂಡಿದ್ದ ಒಬ್ಬಳು ಓಡಿ ಬಂದಳು. ಚೀಲದಿಂದ ಒಂದು ಕರಿ ಮುದ್ದೆ ತೆಗೆದು ನನ್ನ ಮಡಿಲಿಗೆ ಹಾಕಿದಳು. ಬಿಚ್ಚಿ ನೋಡಿದೆ, ತೊಟ್ಟಿಲಿಗೆ ಹಾಸೋ ಅಷ್ಟಿತ್ತು. ಗಂಜಿ ವಾಸನೆ ಬರ್ತೈತೆ ಅಂತ ಬಿಸಿನೀರು ಹಾಕಿ ಬಟ್ಟೆ ಒಗೆಯೋ ಮಿಷನ್ನಿಗೆ ಕೊಟ್ಟಿದ್ದಳಂತೆ.

"ಮಳೆಗೆ ಹೊದ್ದುಕೊಳ್ಳೋ ಕಂಬಳಿ ತಾಯಿ, ಗಂಜಿ ಇದ್ದರೇ ನೀರು ಒಳಗೆ ಇಳಿಯದೆ ಜಾರಿ ಹೋಗೋದು" ಅಂದೆ.

ಮೇಡಂ ತಿಳಿಸಿ ಹೇಳಿದರು. ಅವಳಿಗೆ ಗಾಬರಿ. "ಮಳೆಗೆ ಹಾಕಿದರೆ ನೆನೆಯಲ್ವಾ? ಮಳೆ ಬಂದ್ರೆ ನಾವು ಕಂಬಳಿ ಒಳಗಿಡ್ತೀವಿ" ಅಂದಳಂತೆ.

ನನಗೆ ಅಳು ಬಂತು. ಆ ನೂಲು ನನ್ನ ವಾರಗಿತ್ತಿ ಮೊಣಕಾಲಿಗೆ ಬಟ್ಟೆ ಕಟ್ಟಿಕೊಂಡು ನೂತಿದ್ದು. ನನ್ನ ಕಣ್ಣೀರು ನೋಡಿ ಆ ಹುಡುಗಿಯೂ ಅತ್ತಳು. ಇನ್ನೊಂದು ಕಂಬಳಿ ತಗಂಡಳು, ನೀರು ಸೋಕಿಸಲ್ಲ ಅಂತ ಆಣೆ ಇಟ್ಟಳು. ಅಂದರೆ ನಮ್ಮ ಕಂಬಳಿ ಆ ಊರಾಗೆ ಮಳೆಯನ್ನೇ ನೋಡದೆ ಮುದಿಯಾಗ್ತೈತೆ.

೪. ನೀರು ಕೊಡೋ ಊರು

ಕೊನೆ ದಿನ ಗಂಟು ಖಾಲಿ ಆಯ್ತು. ಸಂಜೆಗೆ ರೈಲು. ಮೇಡಂ ಲೆಕ್ಕಪತ್ರ ಒಪ್ಪಿಸೋಕೆ ಆಫೀಸಿಗೆ ಹೋದರು. ನಾನು ಬಾಟ್ಲಿ ಹಿಡ್ಕಂಡು ಒಬ್ಬಳೇ ಹೊರಟೆ.

ನಮ್ಮ ಕನ್ನಡದ ಸಮುದ್ರ ಇವರಿಗೆಲ್ಲಿ ತಿಳೀತೈತೆ ಅಂದ್ಕಂಡು, ಒಬ್ಬ ಆಟೋದವನಿಗೆ ಬಾಟ್ಲಿ ತೋರಿಸಿ, ಕೈ ಅಗಲ ಮಾಡಿ ದೊಡ್ಡ ನೀರು ಅಂತ ಸನ್ನೆ ಮಾಡಿದೆ. ಅಯ್ಯೋ ಪಾಪ ಅಂತ ತನ್ನ ಕ್ಯಾನಿನಿಂದ ಬಾಟ್ಲಿ ತುಂಬಾ ನೀರು ಹಾಕಿಕೊಟ್ಟ. ಅವನು ಮರೆಯಾದ ಮೇಲೆ ಗಿಡಕ್ಕೆ ಚೆಲ್ಲಿದೆ. ಮುಂದೆ ಹೂವಿನವಳನ್ನ ಕೇಳಿದೆ, ಅವಳೂ ತುಂಬಿಸಿದಳು. ಪೊಲೀಸಪ್ಪನನ್ನ ಕೇಳಿದೆ. ಅವನು ನನ್ನ ಕೈ ಹಿಡಿದು ರಸ್ತೆ ದಾಟಿಸಿ, ನಲ್ಲಿ ಹತ್ತಿರ ನಿಲ್ಲಿಸಿ, ತಾನೇ ಹಿಡಿದುಕೊಟ್ಟ. ಕುಡಿಯೋವರೆಗೂ ಬಿಡಲಿಲ್ಲ, ಕುಡಿದ ಮೇಲೆ ಮತ್ತೆ ತುಂಬಿಸಿಕೊಟ್ಟ.

ಅಲೆದು ಅಲೆದು ಹೊತ್ತು ಹೋಯ್ತು. ರೈಲಿನಾಗೆ ಕುಂತ ಮೇಲೆ ಮೇಡಂ ಕೇಳಿದರು, "ಸಮುದ್ರ ನೋಡಿದ್ರಾ ಅಜ್ಜಿ? ನಮ್ಮ ಅಂಗಡಿ ಗೋಡೆ ಹಿಂದೇನೇ ಇತ್ತಲ್ಲ."

ಎಂಟು ದಿನ ನಾನು ಲಾರಿ ಅಂದ್ಕಂಡು ಬೈದಿದ್ದು ಅದನ್ನೇ. ಒಂದು ಗೋಡೆ ಸುತ್ತಿ ಹೋಗಿದ್ದರೆ ಸಾಕಿತ್ತು. ಬಾಟ್ಲಿಯಾಗೆ ಮಾತ್ರ ಪೊಲೀಸಪ್ಪನ ಸಿಹಿನೀರು ತುಂಬಿ ತುಳುಕ್ತಿತ್ತು.

೫. ಸಮುದ್ರ ಬಂತು

ಚಿಕ್ಕಜಾಜೂರಾಗೆ ಇಳಿದಾಗ ಬೆಳಿಗ್ಗೆ. ಸ್ಟೇಷನ್ ಹೊರಗೆ ಮಿರ್ಚಿ ಅಂಗಡಿಯವನ ಹತ್ತಿರ ಕಲ್ಲುಪ್ಪು ಕೇಳಿದೆ. ಒಂದು ಹಿಡಿ ಕೊಟ್ಟ. ಸಾಲದೇನೋ ಅಂತ ಇನ್ನೆರಡು ಹಿಡಿ ಇಸ್ಕಂಡು ಬಾಟ್ಲಿಗೆ ಸುರಿದೆ.

"ಏನಜ್ಜಿ ಮಾಡ್ತಿದೀಯ?" ಅಂದ.

"ಸಮುದ್ರ" ಅಂದೆ. ಅವನು ಉಪ್ಪಿನ ಡಬ್ಬಿ ಹಿಂದಕ್ಕೆ ಎಳ್ಕಂಡ.

ನಿಜ ಹೇಳಿಬಿಡಾಣ ಅಂತಲೇ ಮನೆಗೆ ಬಂದೆ. ನೋಡಿದರೆ ಓಣಿ ಓಣಿಯೇ ನಮ್ಮ ಜಗಲಿ ಮೇಲೆ. ವಾರಗಿತ್ತಿ ತಲೆ ಬಾಚಿ ಕುಂಕುಮ ಇಟ್ಟು, ಕಾಲು ಚಾಚಿ ಕುಂತಿದ್ದಳು. ಆ ಮುಖ ನೋಡಿ ನಿಜ ಹೇಳೋಕೆ ಮನಸ್ಸು ಬರಲಿಲ್ಲ.

"ಹೆಂಗಿತ್ತು ಹೇಳಕ್ಕ."

ಬಾಯಿಗೆ ಬಂದದ್ದು ಹೇಳಿದೆ. ಸುತ್ತ ಗುಡ್ಡ, ಮಧ್ಯ ನೀಲಿ ನೀರು, ಈ ಕಡೆ ಕಲ್ಲಿನ ಕಟ್ಟೆ, ಕಟ್ಟೆ ಮೇಲೆ ಮಂಟಪ. ಜನ ಬಾಯಿ ತೆರೆದು ಕೇಳಿದರು. ಒಬ್ಬ ತಾತ ಒಂದು ಹನಿ ನಾಲಿಗೆಗೆ ಹಚ್ಚಿಕೊಂಡು ಮುಖ ಹಿಂಡಿದ. "ಬೊಂಬಾಯಿ ಸಮುದ್ರ ಅಂದ್ರೆ ಸುಮ್ನೆ ಅಲ್ಲಪ್ಪ." ವಾರಗಿತ್ತಿ ಎಲ್ಲರ ಮುಂದೆ ಮೊಣಕಾಲಿಗೆ ನೀರು ಹಾಕ್ಕಂಡು, "ಹಗುರಾಯ್ತು ಕಣಕ್ಕ" ಅಂದಳು.

ಎಲ್ಲರೂ ಹೋದರು. ನಾನು ಅವಳ ಕಾಲು ಒರೆಸ್ತಾ ಕುಂತೆ.

"ಅಕ್ಕ, ನೀನು ಹೇಳಿದ್ದು ಹಿರಿಯೂರಿನ ಮಾರಿಕಣಿವೆ ಡ್ಯಾಮು. ನನ್ನ ಮದುವೆ ಆದ ವರ್ಷ ಇಬ್ರೂ ಗಾಡಿಯಾಗೆ ಹೋಗಿದ್ವಿ, ಮರೆತ್ಯಾ?"

ಎಲ್ಲ ಹೇಳಿಬಿಟ್ಟೆ, ಗೋಡೆ, ಲಾರಿ, ಪೊಲೀಸಪ್ಪ. "ಗೊತ್ತಿದ್ದೂ ಅಷ್ಟು ಜನರ ಮುಂದೆ ಯಾಕೆ ಸುಮ್ಮನಿದ್ದೆ ತಂಗಿ?"

"ಅಷ್ಟು ದೂರದಿಂದ ಹೊತ್ತು ತಂದಿದ್ದೆಯಲ್ಲ."

ಆಮೇಲೆ ಬಾಟ್ಲಿ ಎತ್ತಿ ಬೆಳಕಿಗೆ ಹಿಡಿದಳು. ತಳದಾಗೆ ಎರಡು ಬೆರಳು ಕಲ್ಲುಪ್ಪು ಹಂಗೇ ಕುಂತಿತ್ತು.

"ಮುಂದಿನ ಸಲ ಸಮುದ್ರ ತರೋವಾಗ," ಅಂದಳು, "ಕರಗೋವರೆಗೂ ಅಲ್ಲಾಡಿಸಿ ತಗಂಡು ಬಾರಕ್ಕ."